ಎಲ್ಲದಕ್ಕೂ ಹೌದು

ಎರಡು ವರ್ಷದ ಪುಟ್ಟಿ ಚಾಮರಾಜನಗರದ ಆಸ್ಪತ್ರೆಯ ಮಂಚದ ಮೇಲೆ ವಾಂತಿ ಮಾಡಿ ಮಾಡಿ ಸೋತು ಮಲಗಿದ್ದಳು. ಅವಳು ಏನು ನುಂಗಿದಳೆಂದು ಕಂಡಿದ್ದವಳು ತಾಯಿ ಭಾನು ಒಬ್ಬಳೇ. ಭಾನುವಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತಿಲ್ಲ. ಗಂಡ ಶುಂಠಿ ಕೆಲಸಕ್ಕೆಂದು ವಯನಾಡಿಗೆ ಹೋಗಿದ್ದ. ಗುಂಡ್ಲುಪೇಟೆ ಕಡೆಯಿಂದ ಅವರನ್ನು ಕರೆತಂದ ಆಟೊ ಮಹದೇವನಿಗೂ ಏನೂ ಗೊತ್ತಿರಲಿಲ್ಲ.

"ಮಗೀನ ಎತ್ಕೊಂಡು ರಸ್ತೆಗೆ ಅಡ್ಡ ನಿಂತ್ಬುಟ್ಲು ಸಾ, ಅಷ್ಟೇಯ."

ಡಾಕ್ಟರು ಸೋಮಶೇಖರ್ ಹೊಸದಾಗಿ ಬಂದಿದ್ದ ಟ್ಯಾಬ್ ತರಿಸಿದರು. ಅದರೆದುರು ಮಾತಾಡಿದರೆ ಪರದೆಯ ಗೊಂಬೆ ಅದನ್ನು ಕೈಸನ್ನೆಯಲ್ಲಿ ಹೇಳುತ್ತಿತ್ತು.

"ಮಗು ಹೊಲದ ಔಷಧಿ ಕುಡೀತಾ?"

ಗೊಂಬೆ ಬೆರಳಾಡಿಸಿತು. ಭಾನು ಹೌದೆಂದು ತಲೆಯಾಡಿಸಿದಳು. ನರ್ಸ್ ಸೂಜಿಗೆ ಔಷಧಿ ಎಳೆದುಕೊಂಡಳು.

"ವಸಿ ತಡೀರಿ ಸಾ," ಎಂದು ಆಯಾ ಗುರುಮಲ್ಲಮ್ಮ ಟ್ಯಾಬಿನತ್ತ ಬಗ್ಗಿದಳು. "ನಾನು ನಿನ್ ಗಂಡ ಅಲ್ವಾ ಕಣಮ್ಮಿ?"

ಗೊಂಬೆ ಅದನ್ನೂ ಹೇಳಿತು. ಭಾನು ಅದಕ್ಕೂ ತಲೆಯಾಡಿಸಿದಳು.

"ನೋಡುದ್ರಾ? ಈ ಬೊಂಬೆ ಸನ್ನೆ ಇಸ್ಕೂಲಲ್ಲಿ ಕಲ್ತೋರ್ಗೆ. ಇವ್ಳು ಇಸ್ಕೂಲ್ ಕಂಡೋಳಲ್ಲ. ದೊಡ್ಡೋರು ಏನಂದ್ರೂ ತಲೆ ಆಡ್ಸು ಅಂತ ಮನೇಲಿ ಕಲ್ಸಿರ್ತಾರೆ. ನಮ್ ಮೂಗಿ ಅತ್ಗೆನೂ ಅಂಗೇ, ತಲೆ ಆಡ್ಸಿ ಆಡ್ಸಿ ಇದ್ದ ಜಮೀನೂ ಬರ್ಕೊಟ್ಬುಟ್ಲು."

"ತಪ್ಪು ಔಷಧಿ ಕೊಟ್ರೆ ಅದೇ ಮಗೂನ ಕೊಲ್ಲುತ್ತಮ್ಮ. ಏನು ಮಾಡ್ಲಿ ಹೇಳು?" ಎಂದರು ಡಾಕ್ಟರು.

ಗುರುಮಲ್ಲಮ್ಮ ಓಡಿದಳು. ಇರುವೆ ಪುಡಿ, ಫಿನಾಯಿಲ್, ಬಿಳಿ ಮಾತ್ರೆ, ಬಸುರಿಯರಿಗೆ ಕೊಡುವ ಕೆಂಪು ಕಬ್ಬಿಣದ ಮಾತ್ರೆ, ಕೈಗೆ ಸಿಕ್ಕಿದ್ದನ್ನೆಲ್ಲ ತಟ್ಟೆಗೆ ಹಾಕಿ ತಂದಳು. ಪುಡಿಯನ್ನು ತನ್ನ ಬಾಯಿಯ ಹತ್ತಿರ ಹಿಡಿದು ತೋರಿಸಿ, ಮಗುವಿನತ್ತ ಬೆರಳು ಮಾಡಿ, ಹುಬ್ಬೇರಿಸಿದಳು. ಭಾನುವಿನ ತಲೆ ಮತ್ತೆ ಆಡತೊಡಗಿತು. ಗುರುಮಲ್ಲಮ್ಮ ಅವಳ ಗದ್ದ ಗಟ್ಟಿಯಾಗಿ ಹಿಡಿದು ನಿಲ್ಲಿಸಿ, ಅವಳ ಕೈಯನ್ನು ತಟ್ಟೆಯ ಮೇಲಿಟ್ಟಳು.

ಭಾನು ತಟ್ಟೆ ನೋಡಿದಳು. ಕೆಂಪು ಮಾತ್ರೆ ಎತ್ತಿದಳು. ತನ್ನ ಬಸುರಿನ ಹೊಟ್ಟೆ ಮುಟ್ಟಿ, ಮಾತ್ರೆಯನ್ನು ಬಾಯಿಯತ್ತ ಒಯ್ದು ಇಲ್ಲವೆಂದು ಕೈಯಾಡಿಸಿದಳು; ತನಗೆ ಕೊಟ್ಟವನ್ನು ನುಂಗದೆ ಕೂಡಿಟ್ಟಿದ್ದಳು. ಮಗುವಿನ ಬಾಯಿ ತೋರಿಸಿ ಹತ್ತು ಬೆರಳು ಬಿಚ್ಚಿದಳು. ಮತ್ತೆ ಹತ್ತು. ಮತ್ತೆ ಹತ್ತು.

ಗುರುಮಲ್ಲಮ್ಮ ಕಿಟಕಿಯಾಚೆಯ ಸೂರ್ಯನನ್ನು ತೋರಿಸಿ, ಯಾವಾಗ ಎಂದು ಕೈ ತಿರುವಿದಳು. ಭಾನುವಿನ ಕೈ ನೆತ್ತಿಯ ಮೇಲೆ ನಿಂತಿತು. ಹೊರಗೆ ಬಿಸಿಲು ಆಗಲೇ ಇಳಿದಿತ್ತು.

ಡಾಕ್ಟರು ನರ್ಸ್ ಕೈಯ ಸೂಜಿಯನ್ನು ಪಕ್ಕಕ್ಕಿಡಿಸಿದರು. "ಅಷ್ಟು ಕಬ್ಬಿಣ ಮಗೂಗೆ ವಿಷ, ಆಗ್ಲೇ ಹೊತ್ತು ಮೀರಿದೆ. ಇದರ ಔಷಧಿ ಇಲ್ಲಿಲ್ಲ. ಮೈಸೂರಿಗೆ ಹೊರಡಿಸಿ, ಬೇಗ."

ಆಂಬುಲೆನ್ಸಿನಲ್ಲಿ ಕೂತ ಭಾನು ಪುಟ್ಟಿಯ ಎದೆಯ ಮೇಲೆ ಕೈಯಿಟ್ಟಳು. ಬಾಗಿಲ ಬಳಿ ನಿಂತ ಗುರುಮಲ್ಲಮ್ಮನತ್ತ ತಿರುಗಿ, ಈಗತಾನೆ ಅವಳಲ್ಲಿ ಕಂಡಿದ್ದಂತೆ, ಮಗು ಉಳಿಯುತ್ತದಾ ಎಂದು ಹುಬ್ಬೇರಿಸಿ ಕೇಳಿದಳು.

ಹೌದು ಅನ್ನಬೇಕೆಂದುಕೊಂಡಳು ಗುರುಮಲ್ಲಮ್ಮ. ಕತ್ತು ಅಲ್ಲಾಡಲಿಲ್ಲ.