ಒಂದು ರಾಶಿಗೆ ನಾಲ್ವರು

ದ್ರಾಕ್ಷಾಯಿಣಿಗೆ ಗಾಲ್ಫ್ ಆಡುವ ಯೋಗ ಬಂದಿದೆ ಎಂದರೆ ರಾಣೆಬೆನ್ನೂರಿನ ಬೀಜದಂಗಡಿಗಳ ಸಾಲಿನಲ್ಲಿ ಯಾರೂ ನಂಬಲಿಲ್ಲ. ಬೇರೆಯವರ ಮಾತು ಬಿಡಿ, ಅವಳೇ ನಂಬಿರಲಿಲ್ಲ. ಆ ಆಟವನ್ನು ಅವಳು ನೋಡಿದ್ದೇ ಟೀವಿಯಲ್ಲಿ, ಅದೂ ಚಾನೆಲ್ ಬದಲಿಸುವಾಗ ನಡುವೆ ಒಂದು ಗಳಿಗೆ. ಹಸಿರು ಹೊಲ, ಬೆಳೆ ಇಲ್ಲ, ದನ ಇಲ್ಲ, ಟೊಪ್ಪಿಗೆ ಹಾಕಿದವನೊಬ್ಬ ಕೋಲು ಹಿಡಿದು ನೆಲ ನೋಡುತ್ತ ನಿಂತಿದ್ದ. ಏನು ಕಳೆದುಕೊಂಡಿದ್ದಾನೋ ಪಾಪ ಎಂದು ಮುಂದಿನ ಚಾನೆಲ್ಲಿಗೆ ಹೋಗಿದ್ದಳು.

ಮಂಗಳವಾರ ಮುಂಜಾನೆ ಸುದ್ದಿ ತಂದವನು ಬೀಜದ ಕಂಪನಿಯ ಸೇಲ್ಸ್ ಆಫೀಸರ್ ಮೈಲೇಶ. ಆ ವರ್ಷ ಬೆಂಡೆ ಮತ್ತು ಟೊಮೆಟೊ ಬೀಜ ಎಲ್ಲರಿಗಿಂತ ಹೆಚ್ಚು ಮಾರಿದ ಡೀಲರುಗಳಿಗೆ ಕಂಪನಿ ಬಹುಮಾನ ಇಟ್ಟಿತ್ತು, ಅವರಲ್ಲಿ ದ್ರಾಕ್ಷಾಯಿಣಿಯೂ ಒಬ್ಬಳು. ಕೊಂಕಣದ ಕಡಲ ದಂಡೆಯಲ್ಲಿ ಮೂರು ದಿನ, ಸಮುದ್ರಕ್ಕೆ ಹತ್ತಿಕೊಂಡೇ ಗಾಲ್ಫ್ ಮೈದಾನ, ಕಲಿಸಲು ಒಬ್ಬ ಮಾಸ್ತರ, ಕೋಲು ಚೆಂಡು ಎಲ್ಲ ಅವರದೇ. ಹೈದರಾಬಾದಿನ ದೊಡ್ಡ ಸಾಹೇಬರಿಗೆ ಈ ಆಟದ ಹುಚ್ಚಂತೆ. ತಮಗೆ ಹಿಡಿದ ಹುಚ್ಚು ಊರಿಗೆಲ್ಲ ಹಿಡಿಯಲಿ ಎಂದು ಬಯಸುವ ಜನ ಎಲ್ಲ ಕಡೆ ಇರುತ್ತಾರೆ.

"ನಾಲ್ಕು ಮಂದಿ ಹೋಗಬಹುದ್ರಿ ಅಕ್ಕಾರ," ಎಂದ ಮೈಲೇಶ. "ಅದು ನಾಲ್ಕು ಮಂದಿ ಗುಂಪು ಮಾಡ್ಕೊಂಡು ಆಡೋ ಆಟಂತ. ನೀವು, ನಿಮ್ಮ ಮೂರು ಮಂದಿ ಗೆಳತ್ಯಾರು. ಸೋಮವಾರ ಬಂದು ಫಾರ್ಮ್ ಒಯ್ತೇನಿ."

"ಮಗಳು ಅಳಿಯನ್ನ ದಾವಣಗೇರಿಯಿಂದ ಕರಸ್ತೇನಿ ತಗೋ. ಒಬ್ಬಾಕಿ ನಾದಿನಿ."

"ಸಂಬಂಧಿಕರು ನಡ್ಯಾಂಗಿಲ್ರಿ. ಹೋದ ವರ್ಷ ಊಟಿಗೆ ಒಬ್ಬ ಡೀಲರು ಬೀಗರನ್ನೆಲ್ಲ ಕಟ್ಗೊಂಡು ಬಂದು, ಹೋಟೆಲ್ ರೂಮಿನ್ಯಾಗ ಸ್ಟೋ ಹಚ್ಚಿ ರೊಟ್ಟಿ ಬಡಿಸಿದ್ನ್ರಿ. ಅವತ್ತಿಂದ ರೂಲ್ಸ್ ಆಗೈತಿ. ಗೆಳ್ಯಾರು ಅಷ್ಟ."

ದ್ರಾಕ್ಷಾಯಿಣಿ ಬಿದ್ದು ಬಿದ್ದು ನಕ್ಕಳು. ಮೂರು ಮಂದಿ ಗೆಳತಿಯರು ತಾನೆ, ಅದಕ್ಕೇನು ಎಂದಳು.

ಅದಕ್ಕೇನು ಎಂಬುದು ಸಂಜೆ ಗೊತ್ತಾಯಿತು. ಚಹಾ ಕಾಸಿಕೊಂಡು, ಬೀಜದ ಕ್ಯಾಟಲಾಗಿನ ಹಿಂಬದಿಯಲ್ಲಿ ಹೆಸರು ಬರೆಯಲು ಕುಳಿತಳು. ಮೊದಲು ಬಂದ ಹೆಸರು ನಾದಿನಿಯ ನೆಗೆಣ್ಣಿಯದು, ಅದು ಸಂಬಂಧ. ಎರಡನೆಯವಳು ಗಿರಾಕಿ. ಮೂರನೆಯವಳು ಮಹಡಿಯ ಬಾಡಿಗೆಯವಳು, ಮೆಟ್ಟಿಲ ಮೇಲೆ ಸಿಕ್ಕರೆ ನಗುತ್ತಾಳೆ, ಅಷ್ಟೇ. ಗಂಡ ಪರಮೇಶಪ್ಪ ತೀರಿಕೊಂಡು ಆರು ವರ್ಷ. ಹದಿನೈದನೆಯ ದಿನಕ್ಕೇ ಅಂಗಡಿಯ ಗಲ್ಲೆಯ ಮೇಲೆ ಕುಳಿತ ಗಟ್ಟಿಗಿತ್ತಿ ಅವಳು. ದಿನಕ್ಕೆ ನೂರಾರು ಜನ ಅಕ್ಕಾರ ಅಕ್ಕಾರ ಎನ್ನುತ್ತಿದ್ದರು, ಎಲ್ಲ ಬೀಜದ ಮಾತು. ಶಟರ್ ಎಳೆದ ಮೇಲೆ ಅವಳ ಹತ್ತಿರ ಮಾತಾಡಬೇಕಾದ ಯಾವ ಜರೂರೂ ಯಾರಿಗೂ ಇರಲಿಲ್ಲ. ಬೆನ್ನಿಗೆ ಹುಕ್ಕು ಇರುವ ರವಿಕೆ ಹಾಕುವುದನ್ನು ಬಿಟ್ಟು ಎಷ್ಟು ಕಾಲವಾಯಿತೋ, ಹಾಕಿಕೊಡುವವರು ಬೇಕಲ್ಲ. ಐವತ್ತೆರಡು ವರ್ಷ ಬದುಕಿ ಮೂರು ಹೆಸರು ಬರೆಯಲಾಗದೆ ಕುಳಿತಿದ್ದೇನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಅಳು ಬಂತು. ಅತ್ತು ಮುಗಿಸುವಷ್ಟರಲ್ಲಿ ಚಹಾ ತಣ್ಣಗಾಗಿತ್ತು.

ಆದರೆ ಅವಳು ಅಳುತ್ತ ಕೂರುವ ಪೈಕಿಯೇನಲ್ಲ. ಬುಧವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಹಾವೇರಿಯ ಬಸ್ಸು ಹತ್ತಿದಳು. ಅಲ್ಲಿ ಕಾಲೇಜಿನ ಸಹಪಾಠಿ ನಿರ್ಮಲಾ ಇದ್ದಳು, ಹೈಸ್ಕೂಲಿನಲ್ಲಿ ಟೀಚರು. ನಿರ್ಮಲಾ ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದಳು, ಅವಲಕ್ಕಿ ಕೊಟ್ಟಳು, ಹತ್ತು ನಿಮಿಷ ಚೆನ್ನಾಗಿ ಮಾತಾಡಿದಳು. ಆಮೇಲೆ ದ್ರಾಕ್ಷಾಯಿಣಿಯ ಕೈಚೀಲದ ಕಡೆ ನೋಡಿ, "ಯಾರದ ಲಗ್ನರಿ? ಪತ್ರಿಕಾ ಕೊಡಲಿಲ್ಲ?" ಎಂದಳು. ಲಗ್ನದ ಕರೆಯೋಲೆ ಇಲ್ಲದೆ ಇಷ್ಟು ವರ್ಷದ ಮೇಲೆ ಯಾರಾದರೂ ಮನೆಗೆ ಬಂದಾರು ಎಂದು ಆಕೆಗೆ ಅನಿಸಿರಲೇ ಇಲ್ಲ. ವಿಷಯ ಕೇಳಿ, "ಮನ್ಯಾಗ ಕೇಳಿ ಹೇಳ್ತೇನ್ರಿ," ಎಂದಳು. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದವರು ಕೇಳುವುದೂ ಇಲ್ಲ, ಹೇಳುವುದೂ ಇಲ್ಲ ಎಂದು ತಿಳಿಯದಷ್ಟು ದಡ್ಡಳಲ್ಲ ದ್ರಾಕ್ಷಾಯಿಣಿ.

ಉಳಿದವಳು ಸಲ್ಮಾ ಒಬ್ಬಳೇ. ದ್ರಾಕ್ಷಾಯಿಣಿಯ ತವರು ಬ್ಯಾಡಗಿ. ಹತ್ತನೆಯ ಇಯತ್ತೆಯವರೆಗೆ ಇಬ್ಬರೂ ಒಂದೇ ಬೆಂಚು. ಒಮ್ಮೆ ಒಂದೇ ಸೈಕಲ್ಲಿನಲ್ಲಿ ಮನೆಯವರಿಗೆ ಹೇಳದೆ ಕಾಗಿನೆಲೆಗೆ ಹೋಗಿ, ಬಂದಮೇಲೆ ಎರಡೂ ಮನೆಯಲ್ಲಿ ಸಮಸಮ ಪೆಟ್ಟು ತಿಂದಿದ್ದರು. ಅದೇ ಬೇಸಿಗೆ ಸಲ್ಮಾಳ ಮದುವೆಯಾಯಿತು. ಈಗ ಆಕೆ ಮೆಣಸಿನಕಾಯಿ ಗೋದಾಮಿನಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ ಎಂದು ತವರಿನವರಿಂದ ಕೇಳಿದ್ದಳು. ಗುರುವಾರ ಮೂಗಿಗೆ ಸೆರಗು ಒತ್ತಿಕೊಂಡು ಆ ಗೋದಾಮಿನ ಅಂಗಳಕ್ಕೆ ಕಾಲಿಟ್ಟಳು. ಕೆಂಪು ರಾಶಿಗಳು, ಒಂದೊಂದರ ಸುತ್ತ ನಾಲ್ಕು ನಾಲ್ಕು ಹೆಂಗಸರು. ಯಾವಳು ಸಲ್ಮಾ ಎಂದು ಹುಡುಕುವ ಮೊದಲೇ ಕೂಗು ಬಂತು.

"ಏ ದ್ರಾಕ್ಷಿ! ಅಯ್ಯ ನಿನ್ನ, ಎಷ್ಟ ದಪ್ಪ ಆಗೀದಿ!"

ಆ ಮಾತಿಗೆ ದ್ರಾಕ್ಷಾಯಿಣಿಯ ಎದೆ ತುಂಬಿ ಬಂತು. ಅವಳನ್ನು ದ್ರಾಕ್ಷಿ ಎನ್ನುವವರು, ದಪ್ಪ ಆಗೀದಿ ಎಂದು ಮುಖಕ್ಕೆ ಹೇಳುವವರು ಈ ಭೂಮಿಯ ಮೇಲೆ ಇನ್ನೂ ಒಬ್ಬರಿದ್ದರು. ನಿಂತ ಕಾಲಲ್ಲೇ ಎಲ್ಲ ಹೇಳಿಬಿಟ್ಟಳು. ಸಮುದ್ರ, ಆಟ, ಮೂರು ದಿನ, ಗೆಳತಿಯರು.

"ಬರ್ತೇನಿ," ಎಂದಳು ಸಲ್ಮಾ.

"ಮನ್ಯಾಗ ಕೇಳಬೇಕೇನು?"

"ಮಗಗ ಹೇಳ್ತೇನಿ. ಕೇಳೂದೇನೈತಿ ಅದರಾಗ?"

ಅದೇ ರಾಶಿಗೆ ಕುಳಿತಿದ್ದ ಇನ್ನಿಬ್ಬರೂ ಒಪ್ಪಿದರು. ಒಬ್ಬಳು ಅಕ್ಬರಬಿ, ಅರವತ್ತರ ಗಿಡ್ಡ ಹೆಂಗಸು. ಇನ್ನೊಬ್ಬಳು ಅಫ್ರೀನ್, ಸಲ್ಮಾಳ ಓಣಿಯ ಸೊಸೆ, ನಗಲು ನೆಪ ಬೇಕಿಲ್ಲದವಳು. ನಾಲ್ಕನೆಯ ಜಾಗ ಖಾಲಿ ಇತ್ತು, ಅಲ್ಲಿ ಮಡಚಿದ ಗೋಣಿಚೀಲವೊಂದೇ ಬಿದ್ದಿತ್ತು. ದ್ರಾಕ್ಷಾಯಿಣಿ ಅದರ ಮೇಲೆಯೇ ಕುಳಿತಳು.

ಆ ಮಧ್ಯಾಹ್ನವನ್ನು ಏನೆಂದು ಹೇಳಬೇಕು! ಮೈಲೇಶ ಕಳಿಸಿದ ವಿಡಿಯೋ ಹಚ್ಚಿ ನಾಲ್ವರೂ ಫೋನಿಗೆ ತಲೆ ತಾಗಿಸಿ ನೋಡಿದರು. ಅಫ್ರೀನ್ ಒಂದು ಬಡಿಗೆ ಹುಡುಕಿ ತಂದಳು, ಬುತ್ತಿಯ ನಿಂಬೆಹಣ್ಣು ಚೆಂಡಾಯಿತು, ಮೂಲೆಯ ಇಲಿಯ ಬಿಲ ಗುಂಡಿಯಾಯಿತು. ಅಫ್ರೀನಳ ಹೊಡೆತಕ್ಕೆ ನಿಂಬೆ ಪಕ್ಕದ ರಾಶಿಯೊಳಗೆ ಹುಗಿದುಹೋಗಿ ಅಲ್ಲಿನವರೆಲ್ಲ ಬೈದರು. ಅಕ್ಬರಬಿಗೆ ಒಂದೇ ಚಿಂತೆ.

"ಸೀರಿ ಉಟ್ಕೊಂಡು ಆಡಾಕ ಬಿಡ್ತಾರೇನ್ರಿ ಅಕ್ಕಾರ?"

ದ್ರಾಕ್ಷಾಯಿಣಿ ಅಲ್ಲಿಂದಲೇ ಮೈಲೇಶನಿಗೆ ಫೋನ್ ಮಾಡಿದಳು, ಮೈಲೇಶ ಹೈದರಾಬಾದಿಗೆ ಮಾಡಿದ. ಹೆಂಗಸರು ಬಂದಾರು, ಅದೂ ಸೀರೆಯಲ್ಲಿ ಎಂದು ಅಲ್ಲಿನವರು ಕನಸಿನಲ್ಲೂ ಎಣಿಸಿರಲಿಲ್ಲವೇನೋ. ಸೀರೆ ನಡೆಯುತ್ತದೆ, ಆದರೆ ಸಪಾಟು ಅಡಿಯ ಬೂಟು ಕಡ್ಡಾಯ ಎಂದು ತೀರ್ಪು ಬರುವಾಗ ಮರುದಿನವಾಗಿತ್ತು. ಮುಂಜಾನೆ ಆರೂ ನಲವತ್ತಕ್ಕೆ ಮೊದಲ ಚೆಂಡು ಹೊಡೆಯಬೇಕು ಎಂಬುದನ್ನು ಮಾತ್ರ ಮೈಲೇಶ ಆಗಲೇ ಹೇಳಿದ. ಆ ಹೊತ್ತಿಗೆ ನಮ್ಮದು ಅಡಿಗಿ ಮುಗದು ಭಾಂಡಿ ತಿಕ್ಕೂದೂ ಮುಗದಿರ್ತೈತಿ ಎಂದಳು ಸಲ್ಮಾ. ಸಮುದ್ರ ಹೇಗಿರುತ್ತದೆ ಎಂದು ಮೂವರೂ ಕೇಳಿದರು. ಮದುವೆಯಾದ ವರ್ಷ ಮುರ್ಡೇಶ್ವರದಲ್ಲಿ ಒಮ್ಮೆ ನೋಡಿದ್ದನ್ನು ದ್ರಾಕ್ಷಾಯಿಣಿ ಸೇರಿಸಿ ಸೇರಿಸಿ ಹೇಳಿದಳು. ಸಂಜೆಯ ಬಸ್ಸಿನಲ್ಲಿ ಒಬ್ಬಳೇ ಕುಳಿತು ನಗುತ್ತಿದ್ದಳು, ಪಕ್ಕದವರು ನೋಡಿದರೂ ನಿಲ್ಲಿಸಲಿಲ್ಲ.

ಶುಕ್ರವಾರ ಇಡೀ ದಿನ ಫೋನು. ಖಡಕ್ ರೊಟ್ಟಿ ಎಷ್ಟು, ಶೇಂಗಾ ಚಟ್ನಿ ಯಾರು ಕುಟ್ಟಬೇಕು, ಸ್ವೆಟರ್ ಬೇಕೋ ಬೇಡವೋ. ಗಿರಾಕಿಗೆ ಬೆಂಡೆ ಬೀಜದ ಬದಲು ಸೌತೆ ಬೀಜ ಕೊಟ್ಟು ಬೈಸಿಕೊಂಡಳು. ಶನಿವಾರ ಪೇಟೆಯಲ್ಲಿ ನಾಲ್ಕು ಜೊತೆ ಬಿಳಿ ಕ್ಯಾನ್ವಾಸ್ ಬೂಟು ಕೊಂಡು, ಕೂಸನ್ನು ಎತ್ತಿಕೊಂಡ ಹಾಗೆ ಚೀಲ ತೊಡೆಯ ಮೇಲಿಟ್ಟುಕೊಂಡು ಮತ್ತೆ ಬ್ಯಾಡಗಿಗೆ ಹೋದಳು.

ರಾಶಿಯ ನಾಲ್ಕನೆಯ ಜಾಗದಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು. ತೆಳ್ಳಗಿನ ಮೈ, ದೊಡ್ಡ ಮೂಗುತಿ. ಚೌಡವ್ವ ಎಂದಳು ಸಲ್ಮಾ, ತಂಗಿಯ ಬಾಣಂತನಕ್ಕೆ ಗುತ್ತಲಕ್ಕೆ ಹೋಗಿದ್ದವಳು ನಿನ್ನೆ ಬಂದಳು ಎಂದಳು. ಹದಿನಾಲ್ಕು ವರ್ಷದಿಂದ ಈ ರಾಶಿ ಈ ನಾಲ್ವರದೇ.

"ಬರ್ರಿ ಅಕ್ಕಾರ, ಕುಂದ್ರಿ," ಎಂದು ಚೌಡವ್ವ ಎದ್ದು ತನ್ನ ಗೋಣಿಚೀಲ ಬಿಟ್ಟುಕೊಟ್ಟು ಬರಿ ನೆಲಕ್ಕೆ ಕುಳಿತಳು.

ಬೂಟು ಹೊರಬಂದವು. ಅಫ್ರೀನ್ ಅಲ್ಲೇ ಹಾಕಿಕೊಂಡು ಕುಣಿದಳು. ಅಕ್ಬರಬಿಗೆ ತುಸು ಬಿಗಿಯಾದವು. ಚೌಡವ್ವ ಎಲ್ಲರ ಜೊತೆ ನಗುತ್ತ, ಒಂದು ಬೂಟನ್ನು ಮೊಣಕೈಯಿಂದ ಮೆಲ್ಲಗೆ ಸರಿಸಿ ನೋಡಿದಳು. ಕೈಗೆ ಖಾರ ಇತ್ತು, ಬಿಳಿ ಬೂಟು ಕೆಂಪಾದೀತು ಎಂದು. ಸಲ್ಮಾ ಅದನ್ನು ನೋಡಿದಳು. ಆಮೇಲೆ ದ್ರಾಕ್ಷಾಯಿಣಿಯ ಕಡೆ ತಿರುಗಿ ಮನಸ್ಸಿನಲ್ಲಿದ್ದದ್ದನ್ನು ನೆಟ್ಟಗೆ ಕೇಳಿದಳು.

"ದ್ರಾಕ್ಷಿ, ಒಂದ ಮಾತು. ನೀ ಸಮುದ್ರ ನೋಡೀದಿ. ನಾಳೆ ಮನಸ್ಸು ಬಂದ್ರ ಕಾರು ಮಾಡ್ಕೊಂಡು ಹೋಗಾಕಿ. ನಿನ್ನ ಜಾಗಾ ಚೌಡವ್ವಗ ಕೊಡಾಕ ಬರ್ತೈತೇನು? ನಾವು ಮೂವರು ಹೋಗಿ, ಇಕಿ ಒಬ್ಬಾಕಿ ಇಲ್ಲಿ ರಾಶಿ ಮುಂದ ಕುಂದ್ರೂದಂದ್ರ..."

ಅದರಲ್ಲಿ ಒಂದು ಕಾಳಿನಷ್ಟೂ ಕೆಟ್ಟತನವಿರಲಿಲ್ಲ. ಅದಕ್ಕೇ ದ್ರಾಕ್ಷಾಯಿಣಿಗೆ ಸಿಟ್ಟು ಮಾಡಲೂ ಬರಲಿಲ್ಲ.

"ಇಲ್ಲ," ಎಂದಳು. ಬೇಕಿದ್ದಕ್ಕಿಂತ ಜೋರಾಗಿಯೇ ಬಂತು. "ನಾ ಬರಬೇಕು ಸಲ್ಮಾ. ನಾ ಬರ್ತೇನಿ."

"ಏ, ಬಿಡ್ರೆವಾ," ಎಂದಳು ಚೌಡವ್ವ. "ನನಗ ಬಸ್ಸಿನ್ಯಾಗ ವಾಂತಿ ಆಗ್ತೈತಿ. ನಾ ಎಲ್ಲಿ ಬರ್ಲಿ?"

ಸಲ್ಮಾ, "ಹಂಗ ಆಗ್ಲಿ ತಗೋ," ಎಂದು ನಕ್ಕಳು. ಸಿಟ್ಟಿಲ್ಲ, ಮುನಿಸಿಲ್ಲ. ಆದರೆ ಗುರುವಾರದ ಆ ಗದ್ದಲ ಮತ್ತೆ ಏಳಲಿಲ್ಲ. ಬೂಟುಗಳು ಸಲ್ಮಾಳ ಚೀಲಕ್ಕೆ ಹೋದವು, ನಾಲ್ವರ ಕೈಗಳೂ ಕಾಯಿಯ ತೊಟ್ಟಿಗೆ ಹೋದವು. ದ್ರಾಕ್ಷಾಯಿಣಿಯೂ ಒಂದು ಹಿಡಿ ಕಾಯಿ ಎಳೆದುಕೊಂಡಳು. ಐದು ಕಾಯಿ ಬಿಡಿಸುವಷ್ಟರಲ್ಲಿ ಬೆರಳು ಉರಿದವು, ಅಫ್ರೀನ್, ಅಕ್ಬರಬಿ, ಚೌಡವ್ವ ಒಟ್ಟಿಗೆ, "ಬಿಡ್ರಿ ಅಕ್ಕಾರ, ನಿಮಗ್ಯಾಕ," ಎಂದರು. ಅವಳು ಬಿಟ್ಟು ಸುಮ್ಮನೆ ನೋಡುತ್ತ ಕುಳಿತಳು. ಅಫ್ರೀನ್ ಸೀನಿದಳು, ಕಣ್ಣಲ್ಲಿ ನೀರು ಬಂತು. ಖಾರದ ಕೈಯಿಂದ ಕಣ್ಣು ಮುಟ್ಟುವಂತಿಲ್ಲ. ಅವಳು ಮುಖವನ್ನು ಚೌಡವ್ವನ ಕಡೆ ಚಾಚಿದಳು. ಚೌಡವ್ವ ನೋಡದೆಯೇ ತನ್ನ ಭುಜದ ಸೆರಗಿನಿಂದ ಆ ಕಣ್ಣು ಒರೆಸಿ, ಮತ್ತೆ ತೊಟ್ಟು ಮುರಿಯತೊಡಗಿದಳು. ಖಾರಕ್ಕೆ ಅಕ್ಬರಬಿ ನಾಲಿಗೆ ಚಾಚಿದರೆ ಸಲ್ಮಾ ಪೊಟ್ಟಣ ಬಾಗಿಸಿ ಅದರ ಮೇಲೆ ಚಿಟಿಕೆ ಸಕ್ಕರೆ ಉದುರಿಸಿದಳು. ಯಾರೂ ಯಾರಿಗೂ ಏನೂ ಕೇಳಲಿಲ್ಲ. ಇವರ ನಡುವೆ ತಾನು ಮೂರು ದಿನ ಬೂಟು ಹಾಕಿಕೊಂಡು ನಿಂತರೂ ಅಕ್ಕಾರೇ ಎಂದು ದ್ರಾಕ್ಷಾಯಿಣಿಗೆ ಗೊತ್ತಾಯಿತು.

ಭಾನುವಾರ ಮಧ್ಯಾಹ್ನದವರೆಗೆ ತನ್ನೊಡನೆ ತಾನೇ ಜಗಳವಾಡಿದಳು. ಬಹುಮಾನ ನನ್ನದು, ನಾನ್ಯಾಕೆ ಬಿಡಲಿ ಎಂದಳು. ಗಟ್ಟಿಯಾಗಿಯೇ ಅಂದಳು, ಕೇಳಲು ಮನೆಯಲ್ಲಿ ಯಾರಿದ್ದರು? ಮೂರು ಗಂಟೆಗೆ ಸಲ್ಮಾಳಿಗೆ ಫೋನ್ ಮಾಡಿದಳು.

"ಚೌಡವ್ವನ ಆಧಾರ್ ಕಾರ್ಡಿನ ಫೋಟೋ ಕಳಸು. ಆಕಿ ಹೆಸರು ಬರೀತೇನಿ."

"ಖರೇನ ದ್ರಾಕ್ಷಿ? ಮತ್ತ ನೀ?"

"ನನಗ ಅಂಗಡಿ ಐತಿ. ಸೀಜನ್ ಬ್ಯಾರೆ."

ಬ್ಯಾಡ, ನೀನೂ ಇರಬೇಕು ಎಂಬ ಒಂದು ಮಾತಿಗೆ ಅವಳು ಫೋನನ್ನು ಕಿವಿಗೆ ಒತ್ತಿಕೊಂಡು ಕಾದಳು. ಒಮ್ಮೆ ಅಂದಿದ್ದರೆ ಸಾಕಿತ್ತು, ಬಾಯಿಮಾತಿಗೆ ಅಂದಿದ್ದರೂ ಸಾಕಿತ್ತು.

"ನಿನ್ನ ಮನಸ್ಸು ಭಾಳ ದೊಡ್ಡದು ನೋಡ," ಎಂದಳು ಸಲ್ಮಾ. ಅಷ್ಟರಲ್ಲೇ, "ಚೌಡವ್ವಾ! ಏ ಚೌಡವ್ವಾ!" ಎಂದು ಕೂಗುತ್ತ ಓಣಿಯಲ್ಲಿ ಓಡಿದ ಸದ್ದು ಕೇಳಿಸಿತು. ಫೋನು ಸಲ್ಮಾಳ ಕೈಯಲ್ಲೇ ಚಾಲೂ ಉಳಿದಿತ್ತೇನೋ, ಬಹಳ ಹೊತ್ತು ಆ ಕಡೆಯ ನಗು, ಕೇಕೆ, ಯಾರೋ ಬೂಟು ಹಾಕಿಕೊಂಡು ಕುಣಿಯುವ ಸಪ್ಪಳ ಕೇಳಿಬಂತು. ದ್ರಾಕ್ಷಾಯಿಣಿ ಎಲ್ಲ ಕೇಳಿಸಿಕೊಂಡು ಆಮೇಲೆ ತಾನೇ ಕಟ್ ಮಾಡಿದಳು.

ಸೋಮವಾರ ಮೈಲೇಶ ಬಂದು ಫಾರ್ಮ್ ಓದಿದ. ಸಲ್ಮಾ, ಅಕ್ಬರಬಿ, ಅಫ್ರೀನ್, ಚೌಡವ್ವ. ಇನ್ನೊಮ್ಮೆ ಓದಿದ.

"ಅಕ್ಕಾರ, ಇದರಾಗ ನಿಮ್ಮ ಹೆಸರ ಇಲ್ಲಲ್ರಿ!"

"ನಾಲ್ಕು ಮಂದಿ ಅಂದಿ. ನಾಲ್ಕು ಮಂದಿ ಆಗ್ಯಾರ. ನಡೀತೈತಿಲ್ಲೋ?"

"ನಡೀತೈತ್ರಿ, ಡೀಲರ್ ಸಹಿ ಇದ್ರ ಸಾಕು. ಆದ್ರ ನಿಮಗ ಹೋಗೋ ಮನಸ್ಸಿರಲಿಲ್ಲೇನ್ರಿ?"

"ಭಾಳ ಇತ್ತು ತಮ್ಮಾ," ಎಂದಳು. "ಈಗೂ ಐತಿ."

ಮೈಲೇಶ ಫಾರ್ಮನ್ನು ಮತ್ತೆ ತನ್ನ ಕಡೆ ಎಳೆದುಕೊಂಡ. ಒಳ್ಳೆಯ ಹುಡುಗ, ಆದರೆ ಫಾರ್ಮು ಎಂದರೆ ಫಾರ್ಮು. ಬೆರಳಿಟ್ಟು ತೋರಿಸಿದ. "ಇಲ್ಲಿ ನಾಲ್ಕೂ ಹೆಸರಿನ ಮುಂದ ಗೆಳತಿ ಅಂತ ಬರದೀರಿ. ಮ್ಯಾಲಿನವ್ರು ಕೇಳ್ತಾರ್ರಿ. ಯಾರಿಗೆ ಗೆಳತ್ಯಾರು ಇವ್ರು?"

"ಒಬ್ಬರಿಗೊಬ್ಬರು," ಎಂದು ದ್ರಾಕ್ಷಾಯಿಣಿ ಅಂಗಡಿಯ ಠಸ್ಸೆ ತೆಗೆದು, ತನ್ನ ಸಹಿಯ ಮೇಲೆ ಒತ್ತಿ, ಫಾರ್ಮನ್ನು ಅವನ ಕೈಗೆ ಕೊಟ್ಟಳು.