ಎರಡು ಕಿಲೋ ಸೀಸ

ಸೂಜಿ ಹದಿನೆಂಟರ ಮೇಲೆ ನಿಂತಿದೆ, ಅಲುಗುತ್ತಿಲ್ಲ, ಗಾಜಿನ ಮೇಲೆ ಯಾರದೋ ಹೆಬ್ಬೆರಳಿನ ಗುರುತು, ಒರೆಸಬೇಕು — ಬೇಡ, ಈ ಕೈ ಇನ್ನು ಮೇಲಾದರೂ ಸುಮ್ಮನಿರಲಿ. ಹದಿನೆಂಟು ಮೀಟರ್, ಬೆಳಿಗ್ಗೆ ನಾವಿದ್ದದ್ದೂ ಅಷ್ಟೇ ಆಳದಲ್ಲಿ, ಈಗ ಸೊಸೆಯನ್ನು ಮತ್ತೆ ಅದೇ ಆಳದ ಒತ್ತಡಕ್ಕೆ ಇಳಿಸಿದ್ದಾರೆ, ಈ ಉಕ್ಕಿನ ಕೋಣೆಯೊಳಗೆ, ಒಣ ಹಾಸಿಗೆಯ ಮೇಲೆ, ಮುಖಕ್ಕೆ ಆಮ್ಲಜನಕದ ಮಾಸ್ಕ್ ಕಟ್ಟಿ, ರಕ್ತದಲ್ಲಿ ಎದ್ದ ಗುಳ್ಳೆಗಳು ಕರಗಲಿ ಎಂದು, ಐದು ಗಂಟೆ ಹಿಡಿಯುತ್ತದೆ ಎಂದರು ಡಾಕ್ಟರು, ಇನ್ನೂ ಅರ್ಧ ಗಂಟೆಯೂ ಆಗಿಲ್ಲ. ಗೋಡೆಯಲ್ಲೊಂದು ದುಂಡು ಕಿಟಕಿ, ಊಟದ ತಟ್ಟೆಯಗಲ, ಅದರಲ್ಲಿ ಕಾಣುವುದು ಅವಳ ಮುಖವಲ್ಲ, ಅಂಗಾಲು, ಎರಡು ಅಂಗಾಲು. ಒಳಗೆ ಕೂತ ನರ್ಸ್ ಪೆನ್ಸಿಲಿನ ಮೊಂಡು ತುದಿಯಿಂದ ಬಲ ಅಂಗಾಲು ಗೀರುತ್ತಾಳೆ, ಬೆರಳುಗಳು ಮುದುಡುತ್ತವೆ. ಎಡ ಅಂಗಾಲು ಗೀರುತ್ತಾಳೆ. ಇನ್ನೊಮ್ಮೆ ಗೀರುತ್ತಾಳೆ.

ಎರಡೇ ಕಿಲೋ ಸೀಸ, ಮುಳುಗಲೆಂದು ಕಟ್ಟುವ ತೂಕ, ಸೊಂಟದ ಹತ್ತಿರದಿಂದ ಬಿಚ್ಚಿ ಬೆನ್ನಿನ ಗಾಳಿ ಸಿಲಿಂಡರಿನ ಮೇಲಿನ ಪಟ್ಟಿಗೆ, ಅವಳ ಕುತ್ತಿಗೆಯ ಹಿಂದಕ್ಕೆ ಕಟ್ಟಿದೆ, ಎಷ್ಟು ದೂರ ಅದು, ಎರಡು ಗೇಣು, ಎರಡು ಗೇಣಿಗೆ ಇಷ್ಟೊಂದಾ. ಅವಳು ಬೆಳಿಗ್ಗೆಯೇ ಹೇಳಿದ್ದಳು, ಮಾವ, ಇವತ್ತು ಏನೂ ಮುಟ್ಬೇಡಿ, ನಂಗೆ ರೂಢಿ ಆಗಿರೋ ಹಾಗೇ ಇರ್ಲಿ, ಪರೀಕ್ಷೆ ದಿನ ಹೊಸದೇನೂ ಬೇಡ. ಆಯ್ತಮ್ಮ ಅಂದೆ. ಅಂದವನೇ, ಅವಳು ನೀರು ಒಳಬಾರದ ಮುಳುಗು ಸೂಟಿನೊಳಗೆ ಹಾಕುವ ದಪ್ಪ ಬಟ್ಟೆ ತೊಡಲು ಒಳಗೆ ಹೋದದ್ದೇ ತಡ, ಬಕಲ್ ಬಿಚ್ಚಿದೆ. ಮೂವತ್ತು ವರ್ಷದಿಂದ ಇದೇ ಪಾಠ ಒದರಿದವನು ನಾನು, ಒಂದೊಂದೇ ಕಿಲೋ ಸರಿಸಿ, ಮೊದಲು ದಡದ ಹತ್ತಿರ ಎದೆಮಟ್ಟದ ನೀರಲ್ಲಿ ಮಲಗಿ ನೋಡಿ, ಇನ್ನೊಬ್ಬರ ಸೀಸಕ್ಕೆ ಕೈ ಹಾಕ್ಬೇಡಿ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ. ಹುಡುಗರೆಲ್ಲ ನನಗೆ ತಕ್ಕಡಿ ಎಂದು ಹೆಸರಿಟ್ಟಿದ್ದಾರೆ, ಬೆನ್ನ ಹಿಂದೆ ಅನ್ನುತ್ತಾರೆ, ಎದುರಿಗೆ ಅಂದರೂ ನನಗೆ ಖುಷಿಯೇ. ಗೋಡೆಯ ಮೇಲೆ ಪಟ ಕೂದಲೆಳೆ ವಾಲಿದರೂ ಸರಿಮಾಡುತ್ತೇನೆ, ನೆಂಟರ ಮನೆಯಲ್ಲೂ, ನಿಮ್ಮ ಕೈಗೊಂದು ಕೋಳ ತೊಡಿಸ್ಬೇಕು ರೀ ಅನ್ನುತ್ತಾಳೆ ನನ್ನವಳು, ನಗುತ್ತಲೇ ಅನ್ನುತ್ತಾಳೆ. ಅವಳಿಗೆ ಇನ್ನೂ ಫೋನ್ ಮಾಡಿಲ್ಲ.

ಹೋದ ಸಲ ಸೊಸೆ ನಪಾಸಾದದ್ದು ಹಿಮ್ಮಡಿಯಿಂದ. ಜಲಾಶಯದ ತಳದಲ್ಲಿ, ನೀರು ಕೊಳವೆಗೆ ಹೋಗುವ ಬಾಯಲ್ಲಿ ಕಬ್ಬಿಣದ ಜಾಲರಿ ಇದೆ, ಅದನ್ನು ಮುಳುಗಿ ಪರೀಕ್ಷಿಸುವುದು ನಮ್ಮ ಕೆಲಸ, ತಳದ ತುಂಬ ಹಿಟ್ಟಿನಂಥ ಕೆಸರು, ಕಾಲು ತುಸು ಇಳಿಬಿದ್ದರೂ ಎದ್ದು ಕತ್ತಲೆ ಕವಿಯುತ್ತದೆ, ಅವಳ ಕಾಲು ಇಳಿಬೀಳುತ್ತಿತ್ತು. ಪರೀಕ್ಷಕರು ಹಾಳೆಯ ಮೇಲೆ ಅಡ್ಡಗೀಟು ಎಳೆದರು, ಈ ಸಲವೂ ಹಾಗಾದರೆ ಕೆಲಸವೇ ಇಲ್ಲ, ನನ್ನ ಮಗ ಈ ಕೆಲಸ ಒಲ್ಲೆ ಅಂದವನು, ಇವಳು ತಾನಾಗಿ ಬಂದು ನಂಗೆ ಕಲಿಸಿ ಮಾವ ಅಂದಳು, ಮದುವೆಯಾಗಿ ಮೂರು ತಿಂಗಳಿಗೆ, ನನಗೆ ಆ ದಿನ ಊಟ ಸೇರಲಿಲ್ಲ ಸಂತೋಷಕ್ಕೆ. ತೂಕ ತಲೆಯತ್ತ ಸರಿಸಿದರೆ ಕಾಲು ಏಳುತ್ತದೆ, ಪಾಸಾಗಲಿ ಅಂತಲ್ಲವೇ, ಅದಕ್ಕಲ್ಲವೇ — ಆಗಿಯೂ ಇತ್ತಲ್ಲ, ಅರ್ಧ ಗಂಟೆ ಅವಳು ನೀರಲ್ಲಿ ಮೇಜಿನ ಮೇಲೆ ಮಲಗಿದ ಹಾಗೆ ಸಪಾಟಾಗಿದ್ದಳು, ಒಂದು ಕಣ ಕೆಸರು ಏಳಲಿಲ್ಲ. ಒಮ್ಮೆ ತಿರುಗಿ ನೋಡಿ ಅಂಗೈ ಅಲುಗಿಸಿದಳು, ಏನೋ ಸರಿಯಿಲ್ಲ ಎಂಬ ಸನ್ನೆ, ತಲೆ ಭಾರ ಅನ್ನಿಸಿರಬೇಕು, ನಾನು ಬೆರಳು ಮಡಿಸಿ ಎಲ್ಲ ಸರಿ ಎಂದು ತೋರಿಸಿದೆ. ಎಲ್ಲ ಸರಿ ಎಂದು ತೋರಿಸಿದೆ. ನಂಬಿದಳು. ಜಾಲರಿಯ ಕೊನೆಯ ಸರಳಿನ ಕೆಳಗೆ ನೋಡಲು ತಲೆ ತಗ್ಗಿಸಿದಳು, ಅಷ್ಟೇ, ಸೂಟಿನೊಳಗಿನ ಗಾಳಿಯೆಲ್ಲ ಕಾಲಿಗೆ ಓಡಿತು, ಬೂಟು ಊದಿದವು, ಗಾಳಿ ಬಿಡುವ ಗುಂಡಿ ಇರುವುದು ತೋಳಿನಲ್ಲಿ, ತೋಳು ಈಗ ಕೆಳಗೆ, ಗಾಳಿ ಮೇಲೆ, ಹೊರಗೆ ಹೋಗಲು ದಾರಿಯೇ ಇಲ್ಲ. ಮಂಡಿ ಮಡಿಸಿ ಉರುಳಬೇಕು, ಕಲಿಸಿದ್ದೆ, ಅವಳು ಮಡಿಸಿದಳು, ನೋಡಿದೆ, ಸೊಂಟಕ್ಕೆ ತೂಕವಿಲ್ಲ, ಉರುಳಲಾಗಲಿಲ್ಲ, ನನ್ನ ಕೈ ಅವಳ ಕಾಲಿಗೆ ಕಟ್ಟಿದ ಫಿನ್ನಿನ ಅಂಚಿಗೆ ತಾಗಿ ಜಾರಿತು, ಅಂಗಾಲು ಆಕಾಶಕ್ಕೆ, ಎರಡೂ ಅಂಗಾಲು ಮೇಲೆ ಮೇಲೆ. ನಾನು ಹಿಂದೆ ಹೋಗಲಿಲ್ಲ. ಸರ್ರನೆ ಏರಿದರೆ ರಕ್ತದಲ್ಲಿ ಗುಳ್ಳೆ ಏಳುತ್ತದೆ, ನಿಧಾನ ಏರಿದೆ, ನಿಯಮದಂತೆ, ಐದು ಮೀಟರಿನಲ್ಲಿ ಮೂರು ನಿಮಿಷ ನಿಂತೆ, ಗಡಿಯಾರ ನೋಡುತ್ತ, ಮೇಲೆ ದೋಣಿ ಸುತ್ತುವ ಸದ್ದು ಕೇಳುತ್ತ, ನಿಯಮ ಎಂದರೆ ನಿಯಮ, ಬೆಳಿಗ್ಗೆ ಎಲ್ಲಿತ್ತೋ ಅದು.

ದೋಣಿಯಲ್ಲಿ ಕೂತು ಅವಳು ನಗಲು ನೋಡಿದಳು. ಏನಿಲ್ಲ ಮಾವ, ಎಡಗಾಲು ಜೋಮು ಹಿಡಿದಂಗಿದೆ. ಪರೀಕ್ಷಕರು ಬಗ್ಗಿ ಕೇಳಿದರು, ತೂಕ ಕಟ್ಟಿದ್ದು ಯಾರು. ಅವಳು, ನಾನೇ ಸರ್. ನಾನು ಬಗ್ಗಿ ನನ್ನ ಬಕಲ್ ಬಿಚ್ಚುತ್ತ ಕೂತೆ, ಅವರು ಸ್ವಂತ ತಪ್ಪು ಎಂದು ಬರೆದುಕೊಂಡರು. ಸ್ವಂತ ತಪ್ಪಿಗೆ ಮತ್ತೊಂದು ಪರೀಕ್ಷೆ ಕೊಡುವುದಿಲ್ಲ. ಮಗ ಫೋನಿನಲ್ಲಿ ಏನಾಯ್ತಪ್ಪ ಅಂದಾಗ ಗೊತ್ತಿಲ್ಲ ಕಣೋ ಅಂದೆ, ಗೊತ್ತಿಲ್ಲವಂತೆ, ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ, ಇಲ್ಲಿ ಮಾಡಿದವನು ಬೆಂಚಿನ ಮೇಲೆ, ಉಣ್ಣುತ್ತಿರುವವಳು ಒಳಗೆ. ಮಗ ದಾರಿಯಲ್ಲಿದ್ದಾನೆ.

ಗೋಡೆಯ ಸ್ಪೀಕರ್ ಕರಕರ ಅಂತು. ಆಮ್ಲಜನಕಕ್ಕೆ ಐದು ನಿಮಿಷ ಬಿಡುವು, ಮಾಸ್ಕ್ ತೆಗೆದಿದ್ದಾರೆ, ಅವಳ ಧ್ವನಿ, ಒತ್ತಡದ ಗಾಳಿಯಲ್ಲಿ ತೆಳ್ಳಗಾದ ಧ್ವನಿ, ಮಾವ, ಇದ್ದೀರಾ, ನೀವು ಊಟ ಮಾಡಿದ್ರಾ. ಊಟ. ಮಾವ, ನಾನು ಎಲ್ಲಿ ತಪ್ಪಿದೆ ಅಂತ ಲೆಕ್ಕ ಹಾಕ್ತಾ ಇದ್ದೆ, ಸೀಸ ಎಲ್ಲಾ ಯಾವಾಗ್ಲೂ ಕಟ್ಟೋ ಜಾಗದಲ್ಲೇ ಕಟ್ಟಿದ್ನಲ್ಲ, ನೀವು ಕಲಿಸಿದ್ದನ್ನ ನಾನೇ ಸರಿಯಾಗಿ ಮಾಡ್ಲಿಲ್ಲ ಅನ್ಸತ್ತೆ. ಬೇಜಾರು ಮಾಡ್ಕೋಬೇಡಿ. ನಾನು ಎದ್ದು ನಿಂತಿದ್ದೇನೆ, ಯಾವಾಗ ಎದ್ದೆ, ಗುಂಡಿ ಒತ್ತಿದರೆ ಮಾತ್ರ ಒಳಗೆ ಕೇಳುತ್ತದೆ, ಒತ್ತಿದೆ. ಆ ಸೀಸ ಬಿಚ್ಚಿ ಮೇಲೆ ಕಟ್ಟಿದ್ದು ನಾನು ಕಣಮ್ಮ. ನೀನು ಬಟ್ಟೆ ಹಾಕ್ಕೊಳ್ಳೋಕೆ ಹೋದಾಗ. ಪರೀಕ್ಷಕರಿಗೂ ಹೇಳ್ತೀನಿ, ಈಗಲೇ ಹೇಳ್ತೀನಿ. ಗುಂಡಿ ಬಿಟ್ಟೆ. ನರ್ಸ್ ಕಿಟಕಿಯತ್ತ ತಿರುಗಿ ನನ್ನನ್ನೇ ನೋಡಿದಳು, ಮತ್ತೆ ಅತ್ತ ತಿರುಗಿದಳು, ಬಲಗಾಲು ಹೊದಿಕೆಯೊಳಗೆ ತುಸು ಸರಿಯಿತು, ಸ್ಪೀಕರಿನಲ್ಲಿ ಉಸಿರು, ಬರಿ ಉಸಿರು, ಬೈದಾಳು, ಬೈಯಲಿ, ಅಳಲಿ, ಏನಾದರೂ ಅನ್ನಲಿ.

ನಾನು ಕೇಳಿದ್ನಲ್ಲ ಮಾವ, ಕೆಳಗೆ, ಕೈ ಅಲ್ಲಾಡಿಸಿ.

ಕೇಳಿದಳು. ಕೇಳಿದ್ದಳು. ಎಲ್ಲ ಸರಿ ಅಂದೆ — ಮಾಸ್ಕ್ ಮತ್ತೆ ಕಟ್ಟುತ್ತಿದ್ದಾರೆ, ನರ್ಸ್ ಪೆನ್ಸಿಲ್ ತೆಗೆದುಕೊಂಡಳು, ಬಲ ಅಂಗಾಲು, ಬೆರಳು ಮುದುಡಿದವು, ಎಡ ಅಂಗಾಲು, ಹಿಮ್ಮಡಿಯಿಂದ ಮೇಲಕ್ಕೆ ಪೆನ್ಸಿಲ್, ಗಟ್ಟಿಯಾಗಿ, ಇನ್ನೂ ಗಟ್ಟಿಯಾಗಿ, ಎಡ ಅಂಗಾಲು, ಐದು ಬೆರಳು, ಎಡ ಅಂಗಾಲು