ದೊಡ್ಡವರ ಎದುರು ಚಾಚಿದ ಕಾಲು

ಕಾಲು ಮುರಿದದ್ದು ನನ್ನ ಗಂಡನದು, ಸೊಂಟ ಮುರಿದದ್ದು ನನ್ನದು. ಕಾಲು ಮುರಿದವರನ್ನು ನೋಡಲು ಊರೆಲ್ಲ ಬರುತ್ತದೆ. ಬಂದವರಿಗೆ ಚಹಾ ಕಾಸಿ ಕಾಸಿ ಸೊಂಟ ಹಿಡಿದುಕೊಂಡವಳನ್ನು ನೋಡಲು ಯಾರೂ ಬರುವುದಿಲ್ಲ. ಬರಲಿ ಎಂಬ ಆಸೆಯೂ ನನಗಿಲ್ಲ ಬಿಡಿ, ಬಂದರೆ ಅವರಿಗೂ ನಾನೇ ಚಹಾ ಮಾಡಬೇಕು.

ನನ್ನ ಗಂಡ ಕಲ್ಲೇಶ್ ಟಾಟಾ ಏಸ್ ಓಡಿಸುತ್ತಾರೆ. ಕೆರೆಬಿಳಚಿಯಿಂದ ಸಂತೇಬೆನ್ನೂರು, ಚನ್ನಗಿರಿ, ಹೊನ್ನಾಳಿ, ಎಲ್ಲಿಗೆ ಬಾಡಿಗೆ ಸಿಕ್ಕರೆ ಅಲ್ಲಿಗೆ. ಗಾಡಿಯ ಮೇಲೆ ಇಷ್ಟು ವರ್ಷ ಏನೂ ಆಗದ ಮನುಷ್ಯ ಬೈಕಿನ ಮೇಲೆ ಬಿದ್ದರು. ಯಾರೋ ಪುಣ್ಯಾತ್ಮರು ಡಾಂಬರು ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿ, ವಾಹನಗಳು ತುಳಿಯದಿರಲೆಂದು ಸುತ್ತ ಕಲ್ಲು ಇಟ್ಟಿದ್ದರು. ಸಂಜೆಗೆ ಜೋಳವನ್ನು ಒಂದು ಕಾಳೂ ಬಿಡದೆ ಬಳಿದುಕೊಂಡು ಹೋದರು, ಕಲ್ಲನ್ನು ಮಾತ್ರ ಅಲ್ಲೇ ಬಿಟ್ಟರು. ಮುಂದಿನ ಚಕ್ರ ಕಲ್ಲಿಗೆ ಏರಿತು, ಬೈಕು ಇವರ ಎಡಗಾಲಿನ ಮೇಲೆ ಬಿತ್ತು. ಎಡಗಾಲು ಅಂದರೆ ಕ್ಲಚ್ ಒತ್ತುವ ಕಾಲು. ಆ ಕಾಲು ನೆಟ್ಟಗಿದ್ದರೆ ನಮ್ಮ ಮನೆ ನೆಟ್ಟಗೆ, ಅಷ್ಟೇ ನಮ್ಮ ಸಂಸಾರದ ಲೆಕ್ಕ.

ದಾವಣಗೆರೆಯ ಆಸ್ಪತ್ರೆಯಲ್ಲಿ ಮೊಣಕಾಲಿನ ತನಕ ಪ್ಲಾಸ್ಟರ್ ಹಾಕಿ ಕಳಿಸುವಾಗ ಡಾಕ್ಟರಮ್ಮ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದರು. "ನೋಡಮ್ಮ, ಮೂಳೆ ತನ್ನ ಪಾಡಿಗೆ ತಾನು ಕೂಡುತ್ತೆ. ಊತ ಏರದಂಗೆ ನೋಡ್ಕೊಳ್ಳೋದು ನಿನ್ನ ಕೆಲಸ. ಕಾಲು ಸದಾ ದಿಂಬಿನ ಮೇಲೆ, ಎದೆಗಿಂತ ಎತ್ತರಕ್ಕಿರಲಿ. ಬೆರಳು ಆಡಿಸ್ತಾ ಇರಲಿ. ಬೆರಳು ನೀಲಿ ಆದ್ರೆ, ತಣ್ಣಗಾದ್ರೆ, ಜೋಮು ಹಿಡಿದ್ರೆ, ಮಾತ್ರೆಗೂ ಬಗ್ಗದ ನೋವು ಬಂದ್ರೆ ನಾಳೆ ನೋಡೋಣ ಅನ್ನಬೇಡ. ಒಳಗೆ ಊತ, ಹೊರಗೆ ಗಟ್ಟಿ ಪಟ್ಟಿ, ರಕ್ತಕ್ಕೆ ದಾರಿಯೇ ಇರಲ್ಲ. ಕಾಲೇ ಹೋಗುತ್ತೆ."

ತಲೆಯಾಡಿಸಿ ಬಂದೆ. ದಿಂಬಿನ ಮೇಲೆ ಕಾಲಿಡುವುದು ಎಂಥ ಮಹಾ ಕೆಲಸ ಅಂದುಕೊಂಡಿದ್ದೆ.

ಮನೆಗೆ ಬಂದು ಪಡಸಾಲೆಯ ಮಂಚದ ಮೇಲೆ ಮಲಗಿಸಿ, ಎರಡು ದಿಂಬು ಪೇರಿಸಿ ಕಾಲಿಟ್ಟೆನೋ ಇಲ್ಲವೋ, ನಮ್ಮ ಅತ್ತೆ ಅಜ್ಜಮ್ಮನವರು ಬಾಯಿಗೆ ಸೆರಗು ಹಿಡಿದರು. "ಅಯ್ಯೋ ಶಿವನೇ, ತಲೆ ಇಡೋ ದಿಂಬಿನ ಮ್ಯಾಲೆ ಕಾಲಿಡ್ತಾರೇನೇ? ಅದೂ ಬಾಗ್ಲ ಕಡಿಗೆ! ಬಂದೋರ ಮಖಕ್ಕೆ ಅಂಗಾಲು ತೋರ್ಸಂಗೆ!"

ಸರಿ, ಮಂಚ ತಿರುಗಿಸಿದೆ. ಕಾಲು ದೇವರ ಕೋಣೆಯ ಕಡೆಗಾಯಿತು. ಮಹಾಪಾಪ. ಇನ್ನೊಂದು ಮಗ್ಗುಲಿಗೆ ತಿರುಗಿಸಿದೆ. ತಲೆ ಉತ್ತರಕ್ಕಾಯಿತು, ಅದು ಹೆಣ ಮಲಗಿಸುವ ದಿಕ್ಕಂತೆ. ಉಳಿದ ಒಂದು ಗೋಡೆಯ ಮೇಲೆ ತೀರಿಕೊಂಡ ನಮ್ಮ ಮಾವನವರ ಫೋಟೋ. ಸತ್ತರೂ ಅಪ್ಪ ಅಪ್ಪನೇ, ಅವರ ಕಡೆಗೆ ಕಾಲು ಚಾಚುವುದುಂಟೇ? ಭೂಮಿಯ ಮೇಲೆ ನನ್ನ ಗಂಡನ ಕಾಲಿಗೆ ಒಂದು ದಿಕ್ಕಿಲ್ಲದಂತಾಯಿತು. ಮಂಚ ಎಳೆದೆಳೆದು ಸಾಕಾಗಿ, ಬಾಗಿಲ ಕಡೆಗೇ ಇರಲಿ ಎಂದು ಬಿಟ್ಟುಬಿಟ್ಟೆ. ಅತ್ತೆ ಕಾಲಿನ ಮೇಲೊಂದು ರಗ್ಗು ಹೊದಿಸಿದರು. ಪ್ಲಾಸ್ಟರೂ ಕಾಣಲಿಲ್ಲ, ಬೆರಳೂ ಕಾಣಲಿಲ್ಲ, ಮರ್ಯಾದೆ ಉಳಿಯಿತು.

ಮಾರನೆಯ ದಿನದಿಂದ ಜನ. ಬ್ರೆಡ್ಡು, ಬಾಳೆಹಣ್ಣು, ಬಿಸ್ಕತ್ತು, ಆಮೇಲೆ ಸಲಹೆ. ಬಿಸ್ಕತ್ತಾದರೂ ಖಾಲಿಯಾಗುತ್ತದೆ. ಒಬ್ಬರು ಪ್ಲಾಸ್ಟರ್ ಬಿಚ್ಚಿಸಿ ನಾಟಿ ಕಟ್ಟು ಕಟ್ಟಿಸಿ ಎಂದರು, ಇನ್ನೊಬ್ಬರು ಮೇಕೆ ಕಾಲಿನ ಸೂಪು ಕುಡಿಸಿ ಎಂದು ಹೇಳಿ, ನಾವು ಲಿಂಗಾಯತರು ಎಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡರು. ಅದೆಲ್ಲ ಹೋಗಲಿ. ನನ್ನ ಹೊಟ್ಟೆ ಉರಿಸಿದ್ದು ನನ್ನ ಗಂಡನೇ. ಬಾಗಿಲಲ್ಲಿ ತಮಗಿಂತ ನಾಲ್ಕು ದಿನ ದೊಡ್ಡವರ ನೆರಳು ಕಂಡರೂ ಸಾಕು, ಎರಡೂ ಕೈಯಲ್ಲಿ ತೊಡೆ ಹಿಡಿದು, ಹಲ್ಲು ಕಚ್ಚಿ, ಆ ಭಾರದ ಕಾಲನ್ನು ದಿಂಬಿನಿಂದ ಇಳಿಸಿ ಮಂಚದ ಕೆಳಗೆ ಜೋತು ಬಿಟ್ಟು ಕೂರುವುದು. "ಬರ್ರಿ, ಬರ್ರಿ, ಕೂತ್ಕಳ್ರಿ."

"ರೀ, ಡಾಕ್ಟರು ಏನು ಹೇಳಿದ್ರು?" ಎಂದು ಜನ ಹೋದ ಮೇಲೆ ಕೇಳಿದರೆ, "ಹಿರೇರ ಮುಂದೆ ಕಾಲು ಚಾಚ್ಕಂಡು ಬಿದ್ಕಳ್ಳಾಕೆ ಆಗ್ತೈತೇನೇ? ನನ್ನ ಕೈಲಿ ಆಗಲ್ಲಪ್ಪ" ಎನ್ನುತ್ತಿದ್ದರು. ಮತ್ತೆ ಕಾಲೆತ್ತಿ ದಿಂಬಿನ ಮೇಲಿಡುತ್ತಿದ್ದೆ. ಅಷ್ಟರಲ್ಲಿ ಹೊರಗೆ ಚಪ್ಪಲಿ ಬಿಡುವ ಸದ್ದು. ಮತ್ತೆ ಕಾಲು ಕೆಳಗೆ. ಒಲೆಯ ಮುಂದೆ ನಿಂತು ನಾನು ಇಡೀ ಊರಿಗೆ ಮನಸ್ಸಿನಲ್ಲೇ ಶಾಪ ಹಾಕಿದೆ, ಸಕ್ಕರೆ ಮಾತ್ರ ಕಡಿಮೆ ಹಾಕಲಿಲ್ಲ.

ಒಂದು ಮಧ್ಯಾಹ್ನ ಇವರ ದೊಡ್ಡಪ್ಪ ಬೆನಕಪ್ಪನವರು ಬಂದರು. ಅಪ್ಪ ಹೋದ ಮೇಲೆ ಇವರನ್ನು ಓದಿಸಿದವರು, ಗಾಡಿ ಕೊಡಿಸಿದವರು, ಮದುವೆ ಮಾಡಿದವರು ಅವರೇ. ಅವರ ಮುಂದೆ ಇವರು ಕುರ್ಚಿಯ ಮೇಲೂ ಕೂರುವುದಿಲ್ಲ. ಅತ್ತೆ ತಲೆಯ ಮೇಲೆ ಸೆರಗೆಳೆದುಕೊಂಡು ಬಾಗಿಲ ಹಿಂದೆ ನಿಂತರು. ಇವರ ಕಾಲು ಇಳಿಯಿತು. ದೊಡ್ಡ ಮಾವ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ತಾವು ಎಂದೋ ನ್ಯಾಮತಿಯಲ್ಲಿ ಎತ್ತಿನ ಗಾಡಿಯಿಂದ ಬಿದ್ದು ತೋಳು ಮುರಿದುಕೊಂಡ ಕಥೆ ಶುರು ಮಾಡಿದರು.

ಅವರು ಕೆಟ್ಟವರಲ್ಲ. ಅದನ್ನೂ ಹೇಳಬೇಕು. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಿತ್ತು.

ಕಥೆಯಲ್ಲಿ ಎತ್ತು ಇನ್ನೂ ಬೆದರಿರಲಿಲ್ಲ, ಇವರ ಹಣೆಯ ಮೇಲೆ ಬೆವರು ಕಂಡಿತು. ಕೈ ಮಂಚದ ಪಟ್ಟಿಯನ್ನು ಬಿಗಿಯಾಗಿ ಹಿಡಿದಿತ್ತು. ಮುಖದ ಮೇಲೆ ನಗು ಹಾಗೇ ಇತ್ತು. ಆ ನಗು ನೋಡಿ ನನಗೆ ಹೆದರಿಕೆಯಾಯಿತು. "ರೀ, ನೋವೈತೇನ್ರಿ?" ಎಂದೆ.

"ಬೆಳಿಗ್ಗೆಯಿಂದ ಐತೆ. ಮಾತ್ರೆ ನುಂಗಿದೀನಿ, ಹಿಡೀವಲ್ದು" ಎಂದು ಸಣ್ಣಗೆ ಹೇಳಿ, "ನೀ ಚಾ ತಾ ಹೋಗು" ಎಂದರು.

ದೊಡ್ಡ ಮಾವನಿಗೆ ಅದು ಕೇಳಿಸಿತು. "ನೋವು ಇರಬೇಕು ಕಣಮ್ಮ. ನೋವು ಬಂತು ಅಂದ್ರೆ ಎಲುಬು ಕೂಡ್ತಾ ಐತೆ ಅಂತ. ನಂಗೂ ಹಿಂಗೇ ಆಗಿತ್ತು."

ಚಹಾದ ಲೋಟ ಅವರ ಕೈಗಿಟ್ಟು ನಾನು ನೆಲಕ್ಕೆ ಕೂತೆ. ರಗ್ಗು ಸರಿಸಿದೆ. ಬೆರಳುಗಳು ಊದಿ ಒಂದಕ್ಕೊಂದು ಅಂಟಿಕೊಂಡಿದ್ದವು, ಬಣ್ಣ ನೇರಳೆ ಹಣ್ಣಿನದು. ಮುಟ್ಟಿದೆ. ತಣ್ಣಗೆ, ಮಣ್ಣಿನ ಕೊಡ ಮುಟ್ಟಿದ ಹಾಗೆ. ಬಲಗಾಲು ಮುಟ್ಟಿದೆ, ಬೆಚ್ಚಗಿತ್ತು. ಎಡಗಾಲಿನ ಹೆಬ್ಬೆರಳನ್ನು ಚಿವುಟಿದೆ.

"ಏನು ಮಾಡ್ತಿದೀಯಾ ಅಲ್ಲಿ?" ಎಂದರು ಇವರು.

"ಚಿವುಟಿದೆ. ಗೊತ್ತಾಗಲಿಲ್ವೇನ್ರಿ?"

"ಇಲ್ಲ."

ಅಲ್ಲೇ ಕೂತು ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ನಾನು ಪೂರ್ತಿ ಹೇಳುವ ಮೊದಲೇ ಅವರು, "ಮಲಗಿಸಿಕೊಂಡು ಹೊರಡು. ಈಗಲೇ. ದಾರೀಲಿ ಎಲ್ಲೂ ನಿಲ್ಲಿಸಬೇಡ" ಎಂದರು.

ಪಕ್ಕದ ಮನೆಯ ಮುತ್ತುರಾಜನನ್ನು ಕೂಗಿ, ನಮ್ಮ ಗಾಡಿಯ ಕೀಲಿ ಅವನ ಕೈಗೆ ಎಸೆದೆ. ಹಿಂದೆ ಸರಕು ತುಂಬುವ ಡಬ್ಬಿಗೆ ಹಾಸಿಗೆ ಹಾಸಿದೆ. ಒಳಗೆ ಬಂದರೆ ನನ್ನ ಗಂಡ ಇನ್ನೂ ಕೂತೇ ಇದ್ದಾರೆ. "ದೊಡ್ಡಪ್ಪ ಈಗ ಬಂದಾರೆ. ಅವರು ಚಾ ಕುಡೀಲಿ ತಡಿ" ಎನ್ನುತ್ತಿದ್ದಾರೆ. ನೋವಿಗೆ ತುಟಿ ನಡುಗುತ್ತಿದೆ, ಮಾತು ಹೀಗೆ.

"ಗಾಬರಿ ಮಾಡ್ಬ್ಯಾಡಮ್ಮ," ಎಂದರು ದೊಡ್ಡ ಮಾವ. "ಹೆಣ್ಮಕ್ಳಿಗೆ ಎಲ್ಲಾದಕ್ಕೂ ಗಾಬರಿ. ಸಂತೇಬೆನ್ನೂರಾಗೆ ಕಟ್ಟು ಕಟ್ಟೋ ಹಾಲೇಶಪ್ಪ ಅದಾನೆ, ನಾಳೆ ಕರ್ಕಂಡು ಬರ್ತೀನಿ. ಕೂತ್ಕ."

ನನಗೆ ಏನಾಯಿತೋ ಗೊತ್ತಿಲ್ಲ. ಅಷ್ಟು ದಿನದ ಚಹಾ, ಅಷ್ಟು ದಿನದ ಬರ್ರಿ ಕೂತ್ಕಳ್ರಿ, ಎಲ್ಲ ಗಂಟಲಿಗೆ ಬಂತು. ಇವರ ಹೆಗಲು ಹಿಡಿದು ಮಂಚದ ಮೇಲೆ ಕೆಡವಿದೆ. ಆ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಮಂಚದ ಮೇಲಿಟ್ಟೆ. ಅಂಗಾಲು ನೆಟ್ಟಗೆ ದೊಡ್ಡ ಮಾವನ ಎದೆಯ ಮಟ್ಟಕ್ಕೆ ಬಂತು.

"ನೋಡ್ರಿ ಮಾವ, ಚೆನ್ನಾಗಿ ನೋಡ್ರಿ. ಇದು ಎಲುಬು ಕೂಡೋ ಬಣ್ಣವೇನ್ರಿ? ನಿಮ್ಮ ಮರ್ಯಾದೆಗೆ ಈ ಮನುಷ್ಯ ಕಾಲು ಕಳಕಂತಾ ಅದಾರ್ರಿ. ಏಳ್ರಿ, ದಾರಿ ಬಿಡ್ರಿ!"

ಬಾಗಿಲ ಹಿಂದೆ ಅತ್ತೆ "ಅಯ್ಯಯ್ಯೋ" ಎಂದರು. ದೊಡ್ಡ ಮಾವ ಲೋಟವನ್ನು ನೆಲಕ್ಕಿಟ್ಟರು. ಒಂದು ಗುಟುಕೂ ಕುಡಿದಿರಲಿಲ್ಲ. "ನನ್ನ ಎದಿಗೆ ಕಾಲು ಚಾಚಿಸಿದ್ಲು. ಈ ಮನೀಗೆ ಇನ್ನ ಬರಲ್ಲ" ಎಂದು ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟೇ ಹೋದರು. ಕಾಲೆತ್ತಿದ ನೋವಿಗೆ ಇವರು ಕಣ್ಣು ಮುಚ್ಚಿ ಕೂಗುತ್ತಿದ್ದರು, ಆ ಮಾತು ಇವರ ಕಿವಿಗೆ ಬೀಳಲಿಲ್ಲ. ಇವರನ್ನು ಮಂಚದ ಸಮೇತ ಗಾಡಿಯ ತನಕ ಎತ್ತಲು ಮುತ್ತುರಾಜನಿಗೆ ಜೊತೆಯಾದವರು ನಮ್ಮ ಅತ್ತೆ. ಬೈಯುತ್ತಾ, ಅಳುತ್ತಾ, ಎತ್ತಿದರು. ದೇವರು ಒಳ್ಳೆಯದು ಮಾಡಲಿ ಆ ಮುದುಕಿಗೆ.

ದಾವಣಗೆರೆಯ ತನಕ ಗಾಡಿಯ ಡಬ್ಬಿಯಲ್ಲಿ ಆ ಕಾಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಇವರು ಕಣ್ಣು ಮುಚ್ಚಿ ನರಳುತ್ತಿದ್ದರು. ದಾರಿಯುದ್ದಕ್ಕೂ ರಸ್ತೆಯ ಮೇಲೆ ಜೋಳ, ಜೋಳದ ಸುತ್ತ ಕಲ್ಲು. ಮುತ್ತುರಾಜ ಪ್ರತಿ ಕಲ್ಲಿಗೂ ಬ್ರೇಕ್ ಹಾಕುತ್ತಿದ್ದ, ಪ್ರತಿ ಬ್ರೇಕಿಗೂ ಇವರು ಕೂಗುತ್ತಿದ್ದರು. ಇಳಿದು ಒಂದೊಂದೇ ಕಲ್ಲನ್ನು ಎತ್ತಿ ಹೊಲಕ್ಕೆ ಎಸೆಯಬೇಕು ಅನ್ನಿಸಿತು. ಇಳಿಯಲು ಸಮಯವಿರಲಿಲ್ಲ.

ಆಸ್ಪತ್ರೆಯಲ್ಲಿ ಗುರ್ ಎನ್ನುವ ಯಂತ್ರದಿಂದ ಪ್ಲಾಸ್ಟರನ್ನು ಉದ್ದಕ್ಕೆ ಸೀಳಿದರು. ಒಳಗಿನ ಹತ್ತಿಯನ್ನೂ ಕತ್ತರಿಸಿದರು. ನಾನು ಬೆರಳುಗಳನ್ನೇ ನೋಡುತ್ತಾ ನಿಂತೆ. ಎಷ್ಟೋ ಹೊತ್ತಿನ ಮೇಲೆ ಕಿರುಬೆರಳು ಸ್ವಲ್ಪ ಕೆಂಪಾಯಿತು, ಆಮೇಲೆ ಅದರ ಪಕ್ಕದ್ದು. ನಾಲ್ಕು ಬೆರಳು ಮುಟ್ಟಿದ್ದು ತಿಳಿಯುತ್ತದೆ ಎಂದರು ಇವರು. ಹೆಬ್ಬೆರಳನ್ನು ಡಾಕ್ಟರಮ್ಮ ಸೂಜಿಯಿಂದ ಚುಚ್ಚಿದರು. ಇವರು ಸುಮ್ಮನೆ ಮಲಗಿದ್ದರು.

ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದರು. "ಇನ್ನೂ ಸ್ವಲ್ಪ ಹೊತ್ತು ಹಾಗೇ ಕೂತಿದ್ರೆ ಮೊಣಕಾಲಿನ ಕೆಳಗೆ ಉಳೀತಿರಲಿಲ್ಲ. ಕಾಲು ಉಳಿದಿದೆ. ನರ ನೊಂದಿದೆ. ಹೆಬ್ಬೆರಳು, ಪಾದ ಎತ್ತೋ ಶಕ್ತಿ, ಬಂದರೆ ಬರಬಹುದು. ಬರದೇ ಇರಲೂಬಹುದು. ಇನ್ನು ಮೇಲಂತೂ ಯಾರೇ ಬಂದರೂ ಆ ಕಾಲು ಕೆಳಗೆ ಇಳೀಬಾರದು."

ಕ್ಲಚ್ಚಿನ ಬಗ್ಗೆ ಕೇಳಬೇಕೆಂದುಕೊಂಡೆ. ಕೇಳಲು ಧೈರ್ಯವಾಗಲಿಲ್ಲ. ನಲ್ಲಿಯ ಹತ್ತಿರ ಹೋಗಿ ಮುಖಕ್ಕೆ ನೀರು ಹಾಕಿಕೊಂಡು, ಅಲ್ಲೇ ಒಂದಿಷ್ಟು ಅತ್ತು, ಒಳಗೆ ಬಂದೆ.

ಕಾಲು ದಿಂಬಿನ ಮೇಲಿತ್ತು. ಇವರು ಕಣ್ಣು ಬಿಟ್ಟಿದ್ದರು. ನನ್ನನ್ನು ಕಂಡವರೇ ಏಳಲು ನೋಡಿದರು. ಬೆರಳಿನ ಬಗ್ಗೆ ಕೇಳುತ್ತಾರೆ, ಗಾಡಿಯ ಬಗ್ಗೆ ಕೇಳುತ್ತಾರೆ, ಏನು ಹೇಳಲಿ ಎಂದು ನಾನು ಒದ್ದಾಡುತ್ತಿದ್ದೆ.

"ಸಂಧ್ಯಾ, ದೊಡ್ಡಪ್ಪ ಬೇಜಾರು ಮಾಡ್ಕಂಡ್ರೇನೇ?" ಎಂದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಹೌದು ಎಂದರೆ ಈ ಮನುಷ್ಯ ಈಗಲೇ ಕಾಲಿಳಿಸುತ್ತಾರೆ, ಕುಂಟಿಕೊಂಡಾದರೂ ಹೋಗಿ ಅವರ ಪಾದ ಹಿಡಿಯುತ್ತಾರೆ.

"ಇಲ್ರಿ," ಎಂದೆ. "ಚಾ ಕುಡಿದು, ಚೆನ್ನಾಗೈತೆ ಅಂತ ಹೇಳಿ ಹೋದ್ರು."

"ಹಂಗಾದ್ರೆ ಸರಿ ಬಿಡು" ಎಂದು ಮತ್ತೆ ಮಲಗಿದರು.